ಐದು ತಂತಿ, ಎರಡು ಬೆರಳು

ಪೆಟ್ಟಿಗೆ ಮನೆಗೆ ಬಂದಾಗ ಯಮನೂರಪ್ಪ ಊಟಕ್ಕೆ ಕುಳಿತಿದ್ದ. ಭಾನುವಾರದ ಮಧ್ಯಾಹ್ನ. ಸಾವಂತ್ರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಿಸಿಯದು ಗಂಡನ ತಾಟಿಗೆ, ಉಳಿದದ್ದು ಬುಟ್ಟಿಗೆ. ಬುಟ್ಟಿಯ ರೊಟ್ಟಿ ಸಂಜೆಯೊಳಗೆ ಗುಡ್ಡದ ಕೆಳಗಿನ ಖಾನಾವಳಿಗೆ ಹೋಗಬೇಕು. ಗೋವೆಯ ಝುವಾರಿನಗರದ ಗುಡ್ಡದ ಮೇಲಿನ ಆ ಎರಡು ಖೋಲಿಯ ಮನೆಯಲ್ಲಿ ಒಬ್ಬರು ಒಳಗೆ ಬರಬೇಕೆಂದರೆ ಇನ್ನೊಬ್ಬರು ಕಾಲು ಮಡಚಿಕೊಳ್ಳಬೇಕು. ಮಾಂತೇಶ ಉದ್ದನೆಯ ಕರಿ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಹೊಸ್ತಿಲಲ್ಲಿ ನಿಂತ. ಅವನ ಬೆನ್ನ ಹಿಂದೆ ಹೆಂಡತಿ ಜಯಶ್ರೀ ಕೆಸರಾದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು.

"ಏನದು?" ಎಂದ ಯಮನೂರಪ್ಪ, ಕಾಲು ಮಡಚುತ್ತ.

"ಗಿಟಾರ್."

"ಯಾರದು?"

"ನಂದು."

ಯಮನೂರಪ್ಪ ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದ. ಆಮೇಲೆ ಕೇಳಿದ: "ಯಾವ ರೊಕ್ಕದಾಗ?"

ಮಾಂತೇಶ ಪೆಟ್ಟಿಗೆಯನ್ನು ಟ್ರಂಕಿನ ಮೇಲೆ ಮಲಗಿಸಿ, ಕೊಡದಿಂದ ನೀರು ತೆಗೆದುಕೊಂಡು ಕುಡಿದ. ಕೇಳುವುದೂ ಹೇಳುವುದೂ ಬೇಕಿರಲಿಲ್ಲ. ಆ ಮನೆಯಲ್ಲಿ ರೊಕ್ಕ ಅಂತ ಆಗ ಇದ್ದದ್ದು ಒಂದೇ.

ಮಾಂತೇಶ ವೆರ್ಣಾದ ಒಂದು ಕಾರ್ಖಾನೆಯಲ್ಲಿ ತಗಡಿನ ಪತ್ರಾ ಕತ್ತರಿಸುವ ಮಷೀನಿನ ಮೇಲಿದ್ದ. ಏಪ್ರಿಲ್ ತಿಂಗಳ ಒಂದು ಪಾಳಿಯಲ್ಲಿ ಪತ್ರಾ ಜಾರಿ ಅವನ ಎಡಗೈ ಮಣಿಕಟ್ಟನ್ನು ಸೀಳಿತು. ಆಸ್ಪತ್ರೆಯಲ್ಲಿ ಚೆನ್ನಾಗಿಯೇ ಹೊಲಿದರು. ಕೈ ಉಳಿಯಿತು, ಐದೂ ಬೆರಳು ಉಳಿದವು. ಆದರೆ ಉಂಗುರದ ಬೆರಳು, ಕಿರುಬೆರಳು ಎರಡೂ ಜೋಮು ಹಿಡಿದವು. ನರ ಹೋಗಿದೆ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಕಾರ್ಖಾನೆಯವರು ಒಂದಿಷ್ಟು ಪರಿಹಾರ ಕೊಟ್ಟು, ಇನ್ನು ಕೆಲಸಕ್ಕೆ ಬರುವುದು ಬೇಡ ಎಂದರು. ಆ ರೊಕ್ಕಕ್ಕೆ ಯಮನೂರಪ್ಪ ಅಂದೇ ದಾರಿ ಹುಡುಕಿಬಿಟ್ಟಿದ್ದ. ಅವನ ಊರಿನ ಕಡೆಯ ಗಣಪ್ಪ ತನ್ನ ಸಾಮಾನಿನ ರಿಕ್ಷಾ ಮಾರುವವನಿದ್ದ. ಮೂರು ಗಾಲಿಯ ಒಳ್ಳೆಯ ಗಾಡಿ. ಕೈ ಪೆಟ್ಟಾದ ಮಗನಿಗೆ ಕುಳಿತು ದುಡಿಯುವ ದಾರಿ.

"ಗಣಪ್ಪಗ ನಾ ಮಾತು ಕೊಟ್ಟೇನಿ," ಎಂದ ಯಮನೂರಪ್ಪ.

"ನನ್ನ ಕೇಳಿ ಕೊಟ್ಟಿದ್ದಿ ಏನು?" ಎಂದ ಮಾಂತೇಶ.

"ನಿನ್ನ ಕೇಳೋದೇನಲೇ? ಬಾಯಿ ಬಿಟ್ಟಿದ್ದಿ ಏನ್ ನೀ? ದವಾಖಾನ್ಯಾಗಿಂದ ಬಂದಾಗಿಂದ ಗ್ವಾಡಿ ನೋಡಿಕೊಂತ ಮಲಗಿದ್ದಿ. ಗ್ವಾಡಿ ಕೇಳಬೇಕಿತ್ತೇನು ನಾ?"

"ಮೊದಲ ಉಣ್ರಿ," ಎಂದಳು ಸಾವಂತ್ರೆವ್ವ ತವೆಯ ಮೇಲಿನಿಂದ ಕಣ್ಣೆತ್ತದೆ. "ಉಂಡಮ್ಯಾಲ ಬಡದಾಡ್ರಿ."

ಯಮನೂರಪ್ಪ ಉಣ್ಣಲಿಲ್ಲ. ತಾಟನ್ನು ಸರಿಸಿ ಎದ್ದು, ಟವೆಲು ಹೆಗಲಿಗೆ ಹಾಕಿ ಹೊರಗೆ ಹೋದ. ಜಯಶ್ರೀ ಉಳಿದ ರೊಟ್ಟಿಯನ್ನು ಮುಚ್ಚಿಟ್ಟು, ತಾಟು ತೊಳೆಯಲು ಕುಳಿತಳು.

ಆ ಗಿಟಾರ್ ತಗೋ ಎಂದವಳು ಅವಳೇ. ಅದು ಅತ್ತೆ ಮಾವನಿಗೆ ಗೊತ್ತಿರಲಿಲ್ಲ, ಅವರು ಕೇಳಿರಲೂ ಇಲ್ಲ. ಮಡಗಾಂವಿನ ಹೊರಗೆ ನಾವೆಲಿಯಲ್ಲಿ ಕಾಯ್ತಾನ್ ಎಂಬ ಮುದುಕನಿದ್ದ. ಮದುವೆಗಳಲ್ಲಿ ನುಡಿಸುವ ಬ್ಯಾಂಡಿನಲ್ಲಿ ಮೂವತ್ತು ವರ್ಷ ಬೇಸ್, ಅಂದರೆ ಹಾಡಿನ ತಳದ ತಗ್ಗು ದನಿಯ ಗಿಟಾರ್, ಬಾರಿಸಿದವನು. ಮಾಂತೇಶ ಮೀಸೆ ಬರುವ ವಯಸ್ಸಿನಲ್ಲಿ ಆ ಬ್ಯಾಂಡಿನ ಸ್ಪೀಕರ್ ಹೊರಲು ಹೋಗಿ, ಕಾಯ್ತಾನನಿಂದ ಬೇಸ್ ಕಲಿತು, ಶನಿವಾರ ಭಾನುವಾರ ಅವನ ಹಳೆಯ ನಾಲ್ಕು ತಂತಿಯ ಗಿಟಾರನ್ನೇ ಹಿಡಿದು ಮದುವೆಗಳಲ್ಲಿ ಬಾರಿಸುತ್ತಿದ್ದ. ಪೆಟ್ಟಾದ ಮೇಲೆ ಮುದುಕನೇ ಹೇಳಿಕಳಿಸಿದ. ಹಡಗಿನ ಬ್ಯಾಂಡಿನಲ್ಲಿದ್ದ ಅವನ ತಂಗಿಯ ಮಗ ಪೋರ್ಚುಗಲ್‌ಗೆ ಹೋಗಿ ನೆಲೆಸುವವನಿದ್ದ. ಐದು ತಂತಿಯ ತನ್ನ ಜರ್ಮನ್ ಬೇಸನ್ನು ಬಂದ ಬೆಲೆಗೆ ಬಿಟ್ಟು ಹೋಗುತ್ತಿದ್ದ. ಸುಮ್ಮನೆ ನೋಡಿ ಹೋಗು ಎಂದಿದ್ದ ಕಾಯ್ತಾನ್.

ಅವತ್ತು ಮಾಂತೇಶ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕುಳಿತ. ಆಮೇಲೆ ಹೇಳಿದ: "ಜಯಾ, ಇದರ ಕತ್ತು ಹಿಡದು ನೋಡು. ಎಷ್ಟು ನುಣ್ಣಗೈತಿ."

ಎರಡು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಇಡೀ ಮಾತು ಅದು. ಜಯಶ್ರೀ ಕತ್ತು ಹಿಡಿದು ನೋಡಲಿಲ್ಲ. "ತಗೋರಿ," ಎಂದಳು, ಅಷ್ಟೆ. ಹೇಳುವಾಗ ಅವಳಿಗೆ ಖುಷಿಯೂ ಆಗಲಿಲ್ಲ, ಭಯವೂ ಆಗಲಿಲ್ಲ. ಆಸ್ಪತ್ರೆಯ ಆ ದಿನಗಳಿಂದ ಅವಳಿಗೆ ಹಾಗೆಯೇ ಆಗಿತ್ತು. ವೆರ್ಣಾದ ಗುಳಿಗೆ ಕಂಪನಿಯಲ್ಲಿ ದಿನವಿಡೀ ಗುಳಿಗೆಯ ಪಟ್ಟಿಗಳನ್ನು ಡಬ್ಬಿಗೆ ತುಂಬುವುದು, ಕಂಪನಿ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮನೆಗೆ ಬರುವುದು, ಬಂದು ಪಲ್ಯ ಹೆಚ್ಚುವುದು. ಎಲ್ಲ ನಡೆಯುತ್ತಿತ್ತು.

*

ಆ ದಿನದಿಂದ ಅಪ್ಪ ಮಗ ಮಾತು ಬಿಟ್ಟರು. ಮನೆಯೊಂದೇ, ಒಲೆಯೊಂದೇ, ಆಡುವ ಮಾತೆಲ್ಲ ಜಯಶ್ರೀಯ ಮುಖಾಂತರ.

"ಜಯವ್ವಾ, ನಿನ್ನ ಗಂಡಗ ಹೇಳು, ಪತ್ರಾ ಸೋರಾಕತ್ತೈತಿ, ಪ್ಲಾಸ್ಟಿಕ್ ಹೊಚ್ಚಬೇಕು."

ಗಂಡ ನಾಲ್ಕು ಮೊಳ ಆಚೆ ಕುಳಿತಿರುತ್ತಿದ್ದ. "ಹೊಚ್ಚತೇನಂತ ಹೇಳು," ಎನ್ನುತ್ತಿದ್ದ.

"ಹೊಚ್ಚತಾರಂತ್ರಿ ಮಾವಾರ," ಎನ್ನುತ್ತಿದ್ದಳು ಜಯಶ್ರೀ, ಕೊತ್ತಂಬರಿ ಸೋಸುತ್ತ.

ಸೊಸೆಯ ಮೇಲೆ ಯಮನೂರಪ್ಪನಿಗೆ ಸಿಟ್ಟಿರಲಿಲ್ಲ. ಅವಳ ಬಸ್ಸು ನಸುಕಿನಲ್ಲಿ ಬರುತ್ತದೆಂದು, ಅವಳು ಏಳುವುದಕ್ಕೆ ಮುಂಚೆ ಸಾರ್ವಜನಿಕ ನಳಕ್ಕೆ ಹೋಗಿ ಎರಡು ಕೊಡ ನೀರು ತಂದಿಡುತ್ತಿದ್ದ. ವಾಸ್ಕೋ ಬಂದರಿನಲ್ಲಿ ಹೊರೆ ಹೊತ್ತು ಬಂದ ಹೆಗಲು, ಆದರೂ ತಂದಿಡುತ್ತಿದ್ದ. ಯಾರೂ ಅವನಿಗೆ ಹೇಳಿದ ಕೆಲಸವಲ್ಲ ಅದು.

ಹೊಸ ಎತ್ತು ಕೊಂಡವನು ಅದರ ಗುಣ ಅರಿಯುವ ಹಾಗೆ ಮಾಂತೇಶ ಆ ಗಿಟಾರಿನ ಗುಣ ಅರಿಯತೊಡಗಿದ. ಭಾರ ಅದರದು. ಪಟ್ಟಿ ಹೆಗಲಿಗೆ ಹಾಕಿ ನಿಂತರೆ ತಲೆಯ ಕಡೆ ಬಾಗುತ್ತದೆಯೇ ಎಂದು ನೋಡಿದ. ಬಾಗಲಿಲ್ಲ, ನಿಲ್ಲಿಸಿದಲ್ಲಿ ನಿಂತಿತು. ಹೊಟ್ಟೆಯೊಳಗೆ ಒಂದು ಬ್ಯಾಟರಿ ಇತ್ತು. ನಾಲ್ಕು ಗುಂಡಿಗಳಿದ್ದವು, ಯಾವುದು ಏನು ಮಾಡುತ್ತದೆಂದು ಒಂದೊಂದೇ ತಿರುವಿ ಕಂಡುಕೊಂಡ. ನಾಲ್ಕು ತಂತಿಗೆ ಒಗ್ಗಿದ್ದ ಬಲಗೈಗೆ ಐದನೆಯ ದಪ್ಪ ತಂತಿ ಮೊದಮೊದಲು ಅಡ್ಡ ಬರುತ್ತಿತ್ತು. ಆದರೆ ಅದೇ ತಂತಿಯಿಂದ ಲಾಭವೂ ಇತ್ತು: ಕೈಯನ್ನು ಮೇಲೆ ಕೆಳಗೆ ಓಡಿಸದೆ ಒಂದೇ ಕಡೆ ಬೇಕಾದ ಸ್ವರ ಸಿಗುತ್ತಿದ್ದವು. ಎರಡೇ ಬೆರಳು ನಡೆಯುವ ಕೈಗೆ ಅದು ಸಣ್ಣ ಮಾತಲ್ಲ.

ಮನೆಯಲ್ಲಿ ಸ್ಪೀಕರ್ ಇರಲಿಲ್ಲ. ಬರೀ ಗಿಟಾರಿನ ಸದ್ದು ನೊಣ ಹಾರಿದಷ್ಟು. ಅದಕ್ಕೆ ಮಾಂತೇಶ ಅದರ ತಲೆಯನ್ನು ಕಬ್ಬಿಣದ ತಿಜೋರಿಯ ಬಾಗಿಲಿಗೆ ಆನಿಸಿ ಕೂರುತ್ತಿದ್ದ. ಆಗ ಇಡೀ ತಿಜೋರಿ ಗುಂಯ್‌ಗುಡುತ್ತಿತ್ತು. ಒಳಗಿನ ಬಳೆ, ಸ್ಟೀಲಿನ ಬಟ್ಟಲು ಎಲ್ಲ ಸಣ್ಣಗೆ ನಡುಗುತ್ತಿದ್ದವು.

"ಈ ತಿಜೂರಿ ಯಾಕ ಅಳಾಕತ್ತೈತಿ?" ಎನ್ನುತ್ತಿದ್ದಳು ಸಾವಂತ್ರೆವ್ವ. "ಮಂದಿ ಮನ್ಯಾಗ ಗಂಡಸು ಕೆಲಸಕ್ಕ ಹೋಗತಾವು. ನಮ್ಮ ಮನ್ಯಾಗ ತಿಜೂರಿ ಅಳಸ್ತಾವು."

"ಸುಮ್ಮನಿರಬೇ."

"ನಾ ಸುಮ್ಮನ ಇರತೇನಿ. ನಿಮ್ಮಪ್ಪ ಬರೂದ್ರಾಗ ಅದನ್ನ ಮುಚ್ಚಿಡು."

ಜುಲೈ ಹೊತ್ತಿಗೆ ಮಳೆ ಹಿಡಿದು ಹೊಡೆಯಿತು. ಹಾಸಿಗೆ ಬೂಷ್ಟು ಹಿಡಿಯಿತು, ಉಪ್ಪು ನೀರಾಯಿತು. ಗಿಟಾರಿನ ಕತ್ತಿನ ಕಟ್ಟಿಗೆಯೂ ತೇವ ಕುಡಿಯಿತು. ತಂತಿಗಳು ಕಟ್ಟಿಗೆಯಿಂದ ಮೇಲೆದ್ದು ನಿಂತವು. ಒತ್ತಬೇಕಾದರೆ ಎರಡು ಬೆರಳು ಬಿಳಿಚಿಕೊಳ್ಳುತ್ತಿದ್ದವು. ಒಂದು ಭಾನುವಾರ ಮಾಂತೇಶ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿ ನಾವೆಲಿಗೆ ಹೊರಟ. ಒಂದೇ ಕೈಯಲ್ಲಿ ಬಸ್ಸು ಹತ್ತಲಾಗದೆಂದು ಜಯಶ್ರೀಯೂ ಹೋದಳು.

ಕಾಯ್ತಾನನಿಗೆ ಕನ್ನಡ ಬಾರದು. ಅವನ ಮಾತೆಲ್ಲ ಕೊಂಕಣಿ. ಗೋವೆಯಲ್ಲೇ ಬೆಳೆದ ಗಂಡ ಹೆಂಡತಿಗೆ ಅದು ತೊಡಕಾಗಿರಲಿಲ್ಲ. ಮುದುಕ ಗಿಟಾರನ್ನು ಜಗಲಿಯ ಮೇಜಿನ ಮೇಲೆ ಮಲಗಿಸಿ, ಒಂದು ಕಣ್ಣು ಮುಚ್ಚಿ, ಬಂದೂಕು ಗುರಿ ಇಡುವವನಂತೆ ಕತ್ತಿನುದ್ದಕ್ಕೆ ನೋಡಿದ.

"ಬಾಗಿದೆ," ಎಂದ. "ಹೊಸ ಊರಿನ ಮಳೆ ಅಲ್ಲವೇ ಇದಕ್ಕೆ. ಹೆದರಿದೆ."

ಕತ್ತಿನೊಳಗೆ ಉದ್ದಕ್ಕೆ ಒಂದು ಕಬ್ಬಿಣದ ಸರಳು ಇತ್ತು. ಅದನ್ನು ಅಲೆನ್ ಕೀಯಿಂದ ಬಿಗಿದರೆ ಕತ್ತು ನೆಟ್ಟಗಾಗುತ್ತದೆ, ಸಡಿಲಿಸಿದರೆ ಬಾಗುತ್ತದೆ. ಮಾಂತೇಶ ಕೀ ಹಾಕಿ ಜೋರಾಗಿ ತಿರುಗಿಸಲು ಹೋದ.

"ರಾವ್ ರೇ!" ಎಂದು ಮುದುಕ ಅವನನ್ನು ತಡೆದು ಕೈ ಹಿಡಿದ. "ಇದು ನಿನ್ನ ಕಾರ್ಖಾನೆಯ ಬೋಲ್ಟ್ ಅಲ್ಲ. ಕಾಲು ಸುತ್ತು ತಿರುಗಿಸು, ನಾಳೆಯವರೆಗೆ ಬಿಡು. ಕಟ್ಟಿಗೆ ಒಪ್ಪಿಕೊಳ್ಳಬೇಕು. ಆಮೇಲೆ ಮತ್ತೆ ನೋಡು."

ಹಾಗೆ ಮೂರು ಭಾನುವಾರ ಹೋಗಿ ಬಂದರು. ಕತ್ತು ನೆಟ್ಟಗಾದ ಮೇಲೆ ತಂತಿಗಳನ್ನು ಇಳಿಸಿದರು. ಹೆಚ್ಚು ಇಳಿಸಿದರೆ ಲೋಹದ ಪಟ್ಟಿಗೆ ತಾಗಿ ಗರಗರ ಎನ್ನುತ್ತಿತ್ತು. ತುಸು ಏರಿಸಿದರು. ದಪ್ಪ ತಂತಿ ತೆಗೆದು ಸಣ್ಣವನ್ನು ಹಾಕಿದರು. ಅವಕ್ಕೆ ಎಳೆತ ಕಡಿಮೆ, ಒತ್ತಲು ಹಗುರ. ಎಳೆತ ಬದಲಾಗಿದ್ದಕ್ಕೆ ಕತ್ತು ಮತ್ತೆ ಹಿಂದಕ್ಕೆ ಬಾಗಿತು, ಮತ್ತೆ ಕಾಲು ಸುತ್ತು. ಜಯಶ್ರೀ ಜಗಲಿಯ ಕಲ್ಲಿನ ಮೇಲೆ ಕುಳಿತು ಮಳೆ ನೋಡುತ್ತಿದ್ದಳು. ಮುದುಕನ ಮನೆಯವಳು ಕೊಟ್ಟ ಚಹಾ ಆರಿ ಹೋಗುತ್ತಿತ್ತು.

ಎಲ್ಲ ಸರಿಯಾದರೂ ಬಾರಿಸುವಾಗ ನಡುನಡುವೆ ಸ್ವರ ಕಟ್ಟಾಗುತ್ತಿತ್ತು, ಯಾರೋ ಬಾಯಿ ಮುಚ್ಚಿದ ಹಾಗೆ. ಕಾಯ್ತಾನ್ ಗಿಟಾರನ್ನು ನೋಡಲಿಲ್ಲ, ಮಾಂತೇಶನ ಎಡಗೈ ನೋಡಿದ.

"ಆ ಎರಡು ಬೆರಳು ತಂತಿಯ ಮೇಲೆ ಬಿದ್ದಿವೆ. ನಿನಗೆ ಗೊತ್ತಾಗುತ್ತಿಲ್ಲ."

ಮಾಂತೇಶ ನೋಡಿಕೊಂಡ. ಬಿದ್ದಿದ್ದವು.

"ನೋಡುತ್ತಾ ಬಾರಿಸು. ಮದುಮಕ್ಕಳನ್ನು ನೋಡಬೇಡ, ಕುಣಿಯುವ ಹುಡುಗಿಯರನ್ನು ನೋಡಬೇಡ. ಕೈ ನೋಡು," ಎಂದ ಮುದುಕ. "ಬೇರೆ ದಾರಿಯಿಲ್ಲ, ಪುತಾ."

*

ಮಾಂತೇಶ ಆ ಮಾತು ಕೇಳಲಿಲ್ಲ. ಬೆರಳು ಇವೆ, ಮಡಚುತ್ತವೆ, ದುಡಿಸಿದರೆ ಜೀವ ಬಂದೀತು ಎಂದುಕೊಂಡ. ಜಯಶ್ರೀ ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಆ ಎರಡು ಬೆರಳಲ್ಲೇ ತಂತಿ ಒತ್ತುತ್ತ ಕುಳಿತ.

ಒಂದು ಸಂಜೆ ಜಯಶ್ರೀ ಬಸ್ಸಿಳಿದು ಬಂದಾಗ ಸಾವಂತ್ರೆವ್ವ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ದಿಂಬಿನ ಹೊದಿಕೆ.

"ಇದೇನು ರಗತ?"

ಒಳಗೆ ಮಾಂತೇಶ ತಿಜೋರಿಗೆ ಬೆನ್ನು ಕೊಟ್ಟು ಕುಳಿತಿದ್ದ. ಕಿರುಬೆರಳ ತುದಿಯ ಚರ್ಮ ಸುಲಿದು ನೇತಾಡುತ್ತಿತ್ತು. ಉಂಗುರದ ಬೆರಳಿನಲ್ಲಿ ತಂತಿ ಕೂತ ಜಾಗ ಸೀಳಿತ್ತು. ಗಿಟಾರಿನ ಬಿಳಿ ಕತ್ತಿನ ಮೇಲೆ ಕೆಂಪು ಒಣಗಿ ಕಂದಾಗಿತ್ತು.

"ಗೊತ್ತಾಗಲಿಲ್ಲ," ಎಂದ ಅವನು.

ಸಾವಂತ್ರೆವ್ವ ಮಗನ ಕೈ ಹಿಡಿದು ಮೋರಿಗೆ ಕರೆದೊಯ್ದು ತೊಳೆದಳು. ಅರಿಶಿನ ತಂದು ಗಾಯಕ್ಕೆ ತುಂಬಿದಳು.

"ಉರಿಯಾಕತ್ತೈತೇನು?"

"ಇಲ್ಲ."

ಇನ್ನಷ್ಟು ತುಂಬಿದಳು. "ಈಗ?"

"ಇಲ್ಲಬೇ."

"ಇಷ್ಟು ಹಾಕೇನಿ, ಉರಿಬೇಕಲೋ," ಎಂದಳು ಅವಳು. ಕೈಯಲ್ಲಿದ್ದ ಅರಿಶಿನದ ಡಬ್ಬಿಯನ್ನು ಹಿಡಿದುಕೊಂಡೇ ಮೋರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಅಲ್ಲಿಂದಲೇ ಸೊಸೆಗೆ ಹೇಳಿದಳು: "ನಿಮ್ಮ ಮಾವಗ ಹೇಳಬ್ಯಾಡ. ಮೊದಲ ಅವರು ನಿದ್ದಿ ಮಾಡವಲ್ಲರು."

ಜಯಶ್ರೀ ಒದ್ದೆ ಬಟ್ಟೆಯಿಂದ ಗಿಟಾರಿನ ಕತ್ತು ಒರೆಸಿದಳು. ಆ ಕಟ್ಟಿಗೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ನುಣ್ಣಗೇ ಇತ್ತು. ಹೊದಿಕೆಯನ್ನು ತಣ್ಣೀರಿನಲ್ಲಿ ನೆನೆಹಾಕಿ, ಅಕ್ಕಿ ಆರಿಸಲು ಕುಳಿತಳು.

ಮರುದಿನದಿಂದ ಮಾಂತೇಶ ಜೀವವಿದ್ದ ಎರಡು ಬೆರಳಿನಲ್ಲೇ ಬಾರಿಸತೊಡಗಿದ, ಕೈಯ ಮೇಲಿನ ಕಣ್ಣು ತೆಗೆಯದೆ. ತಿಜೋರಿ ಅಳುತ್ತದೆ ಎಂದು ಸಾವಂತ್ರೆವ್ವ ಮತ್ತೆ ಅನ್ನಲಿಲ್ಲ.

*

ಚೌತಿ ಕಳೆದು ಮಳೆ ಹಿಂದೆಗೆದಾಗ ಗಣಪ್ಪ ರಿಕ್ಷಾ ತೆಗೆದುಕೊಂಡು ಮನೆಯ ಮುಂದೆ ಬಂದು ನಿಂತ. ಯಮನೂರಪ್ಪನೇ ಕರೆಸಿದ್ದ. ಗಿಟಾರ್ ಮಾರಿದರೆ ಮುಂಗಡವಾದರೂ ಆಗುತ್ತದೆ, ಉಳಿದದ್ದು ದುಡಿದು ಕೊಡಲಿ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

"ಜಯವ್ವಾ, ನಿನ್ನ ಗಂಡಗ ಹೇಳು, ಒಂದು ಸುತ್ತು ಹೊಡಕೊಂಡು ಬಾ ಅಂತ."

"ಯಪ್ಪಾ, ನನಗ..." ಎಂದ ಮಾಂತೇಶ.

"ಜಯವ್ವಾ, ಹೇಳು."

ಮಾಂತೇಶ ಎದ್ದು ಅಂಗಿ ಹಾಕಿಕೊಂಡ. ಅವನ ಮುಖದಲ್ಲಿ ಏನೂ ಇರಲಿಲ್ಲ. ಹ್ಯಾಂಡಲ್ ಹಿಡಿದು ಕುಳಿತ, ಗಣಪ್ಪ ಪಕ್ಕಕ್ಕೆ ಕುಳಿತ. ಆ ಗಾಡಿಗೆ ಕ್ಲಚ್ಚು ಎಡಗೈ ಹಿಡಿಕೆಯಲ್ಲಿ. ಗಾಡಿ ನಿಂತಾಗ ಹಿಡಿದೇ ಇರಬೇಕು, ಹೊರಡುವಾಗ ಮೆಲ್ಲಗೆ ಬಿಡಬೇಕು. ಸಪಾಟು ದಾರಿಯಲ್ಲಿ ಗಾಡಿ ಚೆನ್ನಾಗಿಯೇ ಹೋಯಿತು. ಇಳಿಜಾರಿನ ತಿರುವಿನಲ್ಲಿ ಎದುರಿಗೆ ನೀರಿನ ಟ್ಯಾಂಕರ್ ಬಂತು, ಮಾಂತೇಶ ನಿಲ್ಲಿಸಿದ. ಟ್ಯಾಂಕರ್ ದಾಟುವ ಮೊದಲೇ ಗಾಡಿ ಜಿಗಿದು ಮುಂದೆ ಹೋಯಿತು. ಗಣಪ್ಪ ಹ್ಯಾಂಡಲ್ ಎಳೆದದ್ದಕ್ಕೆ ಟ್ಯಾಂಕರ್ ತಪ್ಪಿತು, ಮುಂದಿನ ಗಾಲಿ ಗಟಾರಕ್ಕಿಳಿಯಿತು, ಚಮನಬಿಯ ಬಳೆ ಅಂಗಡಿಯ ಹಲಗೆ ಮುರಿಯಿತು. ಚಮನಬಿ ಅಂಗಡಿಯ ಒಳಗಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ.

"ಕ್ಲಚ್ ಯಾಕ ಬಿಟ್ಟಿ?" ಎಂದು ಕೂಗಿದ ಗಣಪ್ಪ.

ಮಾಂತೇಶ ತನ್ನ ಎಡಗೈ ನೋಡಿಕೊಂಡ. "ಹಿಡದೇನಿ ಅಂತ ತಿಳಕೊಂಡಿದ್ದೆ," ಎಂದ.

ಜಯಶ್ರೀ ಇಳಿಜಾರಿನ ಮೇಲೆ ನಿಂತು ಎಲ್ಲ ನೋಡಿದಳು. ಯಮನೂರಪ್ಪ ಓಡಿ ಬಂದವನು ಮೊದಲು ಮಗನ ಮೈಯೆಲ್ಲ ಕಣ್ಣಲ್ಲೇ ಹುಡುಕಿದ, ಆಮೇಲೆ ಸಿಟ್ಟಿಗೆದ್ದ.

ಅವತ್ತು ಸಂಜೆಯ ಊಟದಲ್ಲಿ ಆ ಸಿಟ್ಟು ಹೊರಬಿತ್ತು. ತಿಂಗಳುಗಳ ಮೇಲೆ ಮೊದಲ ಬಾರಿ ಮಗನಿಗೆ ನೇರ ಮಾತಾಡಿದ.

"ಬೇಕಂತ ಕೆಡವಿದಿ."

"ಇಲ್ಲ."

"ಬೆರಳು ಅದಾವಿಲ್ಲೋ? ಕಡದು ಹೋಗ್ಯಾವೇನು? ಆ ಡಬ್ಬಿ ಹಿಡಿಯಾಕ ಬರತೈತಿ, ಗಾಡಿ ಹಿಡಿಯಾಕ ಬರಂಗಿಲ್ಲ. ನನ್ನ ಕಿವಿಯಾಗ ಹೂ ಇಡತೀ ಏನು?"

"ಏ, ಸಾಕು ಮಾಡ್ರಿ," ಎಂದಳು ಸಾವಂತ್ರೆವ್ವ.

"ನಾಳೆ ಅದನ್ನ ಒಯ್ದು ಮಾರಿ ಬಾ. ಮಾರೋ ತನಕ ಈ ಮನಿ ಹೊಸ್ತಿಲ ತುಳಿಬ್ಯಾಡ. ಇದ್ದದ್ದೊಂದು ಆಸರ ಆ ರೊಕ್ಕ, ಮನೆಯವರನ್ನ ಒಂದು ಮಾತು ಕೇಳದ ಹಾಳ ಮಾಡಿ ಬಂದಿ."

ಜಯಶ್ರೀ ಸಾರು ಬಡಿಸುತ್ತಿದ್ದಳು. ಸೌಟನ್ನು ಪಾತ್ರೆಯಲ್ಲಿ ಇಟ್ಟಳು.

"ನನ್ನ ಕೇಳಿದ್ರು ಮಾವಾರ," ಎಂದಳು. "ನಾನ ತಗೋರಿ ಅಂದೆ."

ಮಾಂತೇಶ ತಲೆಯೆತ್ತಿದ.

"ನೀನು?" ಎಂದ ಯಮನೂರಪ್ಪ.

"ಹೂನ್ರಿ."

"ರಿಕ್ಷಾದ್ದು ನಿನಗ ಗೊತ್ತಿತ್ತಲ್ಲವ್ವಾ."

"ಗೊತ್ತಿತ್ರಿ."

"ಮತ್ತ ಯಾಕ?"

ಜಯಶ್ರೀ ಯೋಚಿಸಿದಳು. ದೊಡ್ಡ ಕಾರಣ ಯಾವುದೂ ಸಿಗಲಿಲ್ಲ. "ಭಾಳ ದಿನದ ಮ್ಯಾಲ ಅವತ್ತ ಇವರು ಮಾತಾಡಿದ್ರು," ಎಂದಳು. "ಬ್ಯಾಡ ಅಂದ್ರ ಮತ್ತ ಸುಮ್ಮನಾಗತಾರ ಅನ್ನಿಸ್ತು."

ಯಮನೂರಪ್ಪ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದ. ಗಿಟಾರಿನ ಸುದ್ದಿಯನ್ನು ಆಮೇಲೆ ಅವನು ಎತ್ತಲಿಲ್ಲ. ಮಾರು ಎಂದೂ ಅನ್ನಲಿಲ್ಲ, ಇಟ್ಟುಕೋ ಎಂದೂ ಅನ್ನಲಿಲ್ಲ. ಆದರೆ ಮರುದಿನ ನಸುಕಿನಲ್ಲಿ ಜಯಶ್ರೀ ಎದ್ದಾಗ ಕೊಡ ಎರಡೂ ಖಾಲಿ ಇದ್ದವು. ಅವಳೇ ನಳಕ್ಕೆ ಹೋಗಿ ಸರದಿಯಲ್ಲಿ ನಿಂತು ನೀರು ತಂದಳು. ಬಸ್ಸು ತಪ್ಪಿತು. ಮುಂದಿನ ದಿನದಿಂದ ಇನ್ನೂ ಬೇಗ ಎದ್ದಳು. ಮಾವ ಈಗ ಅವಳೊಡನೆ ಮಾತಾಡುತ್ತಿರಲಿಲ್ಲ. ಹೇಳುವುದಿದ್ದರೆ ಸಾವಂತ್ರೆವ್ವನಿಗೆ ಹೇಳುತ್ತಿದ್ದ.

"ನನ್ನ ಬಾಯಿ ಏನ್ ಅಂಚೆಪೆಟಿಗಿ ಮಾಡೀರೇನು?" ಎಂದು ಸಾವಂತ್ರೆವ್ವ ರೇಗುತ್ತಿದ್ದಳು. ರೇಗಿದರೂ ಹೇಳುತ್ತಿದ್ದಳು.

*

ದೀಪಾವಳಿ ಮುಗಿದ ಮೇಲೆ ಯಮನೂರಪ್ಪ ಬಂದರಿನಿಂದ ಬರುವಾಗ ಗಣಪ್ಪ ಸಿಕ್ಕಿದ. ರಿಕ್ಷಾ ಬೇರೆಯವರಿಗೆ ಮಾರಿ ಆಗಿತ್ತು, ಅವನಿಗೇನೂ ಬೇಜಾರಿರಲಿಲ್ಲ. ಮನೆಯವರೆಗೆ ಜೊತೆಗೆ ಬಂದು ಹೊರಗಿನ ಕಲ್ಲಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡ. ಒಳಗೆ ಬಟ್ಟೆ ಮಡಚುತ್ತಿದ್ದ ಜಯಶ್ರೀಗೆ ಮಾತು ಕೇಳುತ್ತಿತ್ತು.

"ನಿನ್ನ ಮಗ ಬೇಕಂತ ಮಾಡಿಲ್ಲೋ ಯಮನೂರಪ್ಪ. ನಾ ಬಾಜೂಕ ಇದ್ದೆ. ಕ್ಲಚ್ ಕೈಯಾಗಿಂದ ಜಾರಿ ಹೋಗಿತ್ತು, ಹುಡುಗ ಹಿಡಕೊಂಡವರಂಗ ಕುಂತಿದ್ದ. ನನಗ ಎದಿ ಝಲ್ ಅಂತು."

ಯಮನೂರಪ್ಪ ಏನೆಂದನೋ ಕೇಳಲಿಲ್ಲ.

ಮರುದಿನ ಭಾನುವಾರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಯಮನೂರಪ್ಪ ಅರ್ಧ ರೊಟ್ಟಿ ತಿಂದವನು ಕೈ ನಿಲ್ಲಿಸಿದ.

"ಆ ಕೈ ಕೊಡು ಇಲ್ಲಿ," ಎಂದ ಮಗನಿಗೆ.

ಮಾಂತೇಶ ಎಡಗೈ ಚಾಚಿದ.

"ಆ ಕಡೆ ನೋಡು. ಬಾಗಲದ ಕಡೆ."

ಮಾಂತೇಶ ಬಾಗಿಲ ಕಡೆ ತಿರುಗಿದ. ಯಮನೂರಪ್ಪ ಅವನ ಕಿರುಬೆರಳನ್ನು ತನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದ. ಅದಿರಿನ ಕೆಂಪು ಮಣ್ಣು ಕೂತ ದಪ್ಪ ಉಗುರುಗಳು. ಹಿಡಿದು ಒತ್ತಿದ.

"ಹಿಡದೇನೋ ಬಿಟ್ಟೇನೋ?"

"ಬಿಟ್ಟೀ," ಎಂದ ಮಾಂತೇಶ.

ಯಮನೂರಪ್ಪ ಇನ್ನೂ ಬಲವಾಗಿ ಒತ್ತಿದ. ಅವನ ಉಗುರಿನ ಬುಡ ಬೆಳ್ಳಗಾದದ್ದು ಜಯಶ್ರೀಗೆ ಕಂಡಿತು. "ಈಗ?"

"ಇನ್ನೂ ಹಿಡದಿಲ್ಲಲ್ಲ."

ಸಾವಂತ್ರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಮನೂರಪ್ಪ ಬೆರಳು ಬಿಟ್ಟ. ಅದರ ಮೇಲೆ ಎರಡು ಉಗುರಿನ ಗುರುತು ಆಳವಾಗಿ ಕೂತಿದ್ದವು. ಮಾಂತೇಶ ಬಾಗಿಲನ್ನೇ ನೋಡುತ್ತಿದ್ದ.

"ಈ ಕಡೆ ತಿರಗು," ಎಂದ ಯಮನೂರಪ್ಪ. ಅವನ ದನಿ ಸಣ್ಣದಾಗಿತ್ತು. "ಹಂಗಾರ ಅದನ್ನ ಹ್ಯಾಂಗ ಬಾರಸ್ತೀ?"

"ಈ ಎರಡರಾಗ. ಉಳದವು ಎಲ್ಲಿ ಅದಾವಂತ ಕಣ್ಣೀಲೆ ನೋಡಿಕೊಂತ."

"ಬರತೈತೇನು?"

"ಸಾವಕಾಶದ್ದು ಬರತೈತಿ. ಜೋರಿನ ಹಾಡಿಗೆ ತಪ್ಪತೈತಿ."

ಯಮನೂರಪ್ಪ ತಲೆಯಾಡಿಸಿದ. "ಉಣ್ಣು," ಎಂದ. ಎಲ್ಲರೂ ಉಂಡರು. ಜಯಶ್ರೀ ತಾಟುಗಳನ್ನು ಎತ್ತಿಕೊಂಡು ಮೋರಿಗೆ ಹೋದಳು. ತನಗೀಗ ಅಳು ಬರಬೇಕಿತ್ತು ಎಂದು ಅವಳಿಗೆ ಅನಿಸಿತು. ಬರಲಿಲ್ಲ. ಬೂದಿ ಹಚ್ಚಿ ತಾಟುಗಳನ್ನು ತಿಕ್ಕಿದಳು.

*

ಆ ವರ್ಷದ ಹಂಗಾಮಿನಲ್ಲಿ ಮಾಂತೇಶನಿಗೆ ಸಿಕ್ಕಿದ್ದು ಕೆಲವೇ ಮದುವೆಗಳು. ಜೋರು ಕುಣಿತದ ಬ್ಯಾಂಡುಗಳು ಅವನನ್ನು ಕರೆಯಲಿಲ್ಲ. ಕಾಯ್ತಾನನ ಹಳೆಯ ಗೆಳೆಯರ ಬ್ಯಾಂಡು ಕರೆಯಿತು, ಅವರ ಹಾಡುಗಳೇ ಅವರಷ್ಟು ನಿಧಾನ. ಉಳಿದ ದಿನ ನಾವೆಲಿಯ ಜಗಲಿಯಲ್ಲಿ ಮುದುಕನ ಜೊತೆ ಕುಳಿತು, ಸಮುದ್ರದ ಗಾಳಿಗೆ ತುಕ್ಕು ಹಿಡಿದ ಬೇರೆಯವರ ಗಿಟಾರುಗಳನ್ನು ಬಿಚ್ಚುವುದು, ಕಟ್ಟುವುದು. ಹೊಟ್ಟೆ ತುಂಬುವಷ್ಟಲ್ಲ. ಜಯಶ್ರೀಯ ಗುಳಿಗೆ ಕಂಪನಿ, ಸಾವಂತ್ರೆವ್ವನ ರೊಟ್ಟಿ, ಬಂದರು ಇವೇ ಮನೆ ನಡೆಸಿದವು. ಆದರೆ ಅದೆಲ್ಲ ಆಮೇಲಿನ ಮಾತು. ಮೊದಲ ಮದುವೆ ಡಿಸೆಂಬರಿನಲ್ಲಿ ಕುಂಕಳ್ಳಿಯಲ್ಲಿತ್ತು.

ಬ್ಯಾಂಡಿನ ವ್ಯಾನು ಗುಡ್ಡದ ಕೆಳಗೆ ಬಂದು ನಿಂತಾಗ ಯಮನೂರಪ್ಪ ತೊಳೆದ ಧೋತರ ಉಟ್ಟು ಅಲ್ಲಿದ್ದ.

"ಸ್ಪೀಕರ್ ಹೊರಾಕ ಮಂದಿ ಬೇಕಾಗತೈತಿ," ಎಂದ, ಯಾರನ್ನೂ ನೋಡದೆ.

ಸಾವಂತ್ರೆವ್ವ ಬರಲಿಲ್ಲ. "ನಾ ಬಂದ್ರ ಖಾನಾವಳಿಗೆ ರೊಟ್ಟಿ ಯಾರು ಬಡೀಬೇಕು?" ಎಂದಳು. ಜಯಶ್ರೀಯನ್ನು ಅವಳೇ ಕಳಿಸಿದಳು.

ಮದುವೆಯ ಹಾಲ್ ತುಂಬ ಬಣ್ಣದ ಕಾಗದದ ಸರ, ಕೋಟು ಹಾಕಿದ ಗಂಡಸರು, ಗೌನಿನ ಹೆಂಗಸರು. ಯಮನೂರಪ್ಪ ದೊಡ್ಡ ಸ್ಪೀಕರುಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ವೇದಿಕೆಗೆ ತಂದಿಟ್ಟ. ಬ್ಯಾಂಡಿನ ಮುದುಕರು ಬಾಯಿ ತೆರೆದು ನೋಡಿದರು. ಆಮೇಲೆ ಮಾವ ಸೊಸೆ ಹಿಂದುಗಡೆ ಅಡುಗೆಯ ಬಾಗಿಲ ಹತ್ತಿರ ಸಾಲು ಕುರ್ಚಿಗಳಲ್ಲಿ ಕುಳಿತರು. ನಡುವೆ ಒಂದು ಕುರ್ಚಿ ಖಾಲಿ.

ಹಾಡು ಶುರುವಾಯಿತು. ಡ್ರಮ್ಮು, ತುತ್ತೂರಿ, ಕೀಬೋರ್ಡು, ಹಾಡುವ ಒಬ್ಬ ಹೆಂಗಸು. ಮದುಮಕ್ಕಳು ನಡುವೆ ಬಂದು ನಿಧಾನ ತಿರುಗತೊಡಗಿದರು. ಮಾಂತೇಶ ವೇದಿಕೆಯ ಮೂಲೆಯಲ್ಲಿ ತಲೆ ಬಗ್ಗಿಸಿ ನಿಂತಿದ್ದ, ತನ್ನ ಕೈಯನ್ನಲ್ಲದೆ ಏನನ್ನೂ ನೋಡದೆ.

ಯಮನೂರಪ್ಪ ಕುತ್ತಿಗೆ ಉದ್ದ ಮಾಡಿ ಕೇಳಿದ. ತುತ್ತೂರಿ ಬಂದಾಗ ಅತ್ತ ನೋಡಿದ, ಡ್ರಮ್ಮು ಬಂದಾಗ ಇತ್ತ ನೋಡಿದ. ಎರಡು ಹಾಡು ಮುಗಿದವು. ಮೂರನೆಯದರ ನಡುವೆ ಖಾಲಿ ಕುರ್ಚಿಯ ಮೇಲೆ ಕೈ ಊರಿ ಸೊಸೆಯ ಕಡೆ ಬಾಗಿದ. ದಸರೆಗೂ ಮುಂಚಿನಿಂದ ಅವಳಿಗೆ ಒಂದು ಮಾತು ಆಡಿರಲಿಲ್ಲ.

"ಜಯವ್ವಾ," ಎಂದ. "ಇದರಾಗ ಅವನ ಸಪ್ಪಳ ಯಾವುದವ್ವಾ?"

ಜಯಶ್ರೀ ಕಿವಿಗೊಟ್ಟಳು. ಅವಳಿಗದು ಗೊತ್ತಿತ್ತು, ತೋರಿಸುವುದು ಹೇಗೆಂದು ತಿಳಿಯಲಿಲ್ಲ. ತುತ್ತೂರಿಯ ಹಾಗೆ ಅದು ಮುಂದೆ ಬಂದು ನಿಲ್ಲುವುದಿಲ್ಲ. "ತಳದಾಗ ಐತ್ರಿ ಅದು," ಎಂದಳು. "ಎಲ್ಲಾದರ ಬುಡಕ."

"ನನಗ ಕೇಳವಲ್ಲದು."

ಅಷ್ಟರಲ್ಲಿ ಡ್ರಮ್ಮಿನವನು ತುಸು ವೇಗ ಏರಿಸಿದ. ಮಾಂತೇಶನ ತಲೆ ಇನ್ನೂ ಕೆಳಗೆ ಬಾಗಿತು. ಒಮ್ಮೆಲೇ ಹಾಡಿನ ಕಾಲ ಕೆಳಗಿನ ನೆಲ ಜಾರಿದಂತಾಯಿತು. ತುತ್ತೂರಿ ಇತ್ತು, ಡ್ರಮ್ಮು ಇತ್ತು, ಹಾಡುವವಳೂ ಇದ್ದಳು, ಎಲ್ಲ ಗಾಳಿಯಲ್ಲಿ ತೂಗುಬಿದ್ದ ಹಾಗೆ ಬರಿದಾಗಿ ಕೇಳಿಸಿದವು. ಕುಣಿಯುವವರಲ್ಲಿ ಒಬ್ಬಿಬ್ಬರು ಹೆಜ್ಜೆ ತಪ್ಪಿದರು. ಅಲ್ಲಿ ಮೂಲೆಯಲ್ಲಿ ಮಾಂತೇಶ ಬಲಗೈಯಿಂದ ತನ್ನ ಎಡಗೈಯ ಎರಡು ಬೆರಳುಗಳನ್ನು ತಂತಿಯ ಮೇಲಿನಿಂದ ಎತ್ತಿ ಸರಿಸುತ್ತಿದ್ದ.

ಜಯಶ್ರೀ ಮಾವನ ಮೊಳಕೈ ಹಿಡಿದಳು.

"ಈಗ ಇಲ್ಲಲ್ರಿ," ಎಂದಳು. "ಅದು."

ಯಮನೂರಪ್ಪ ಉಸಿರು ಬಿಗಿಹಿಡಿದು ಕುಳಿತ. ಇಲ್ಲದ್ದನ್ನು ಕೇಳಿದ. ಕಣ್ಣು ಮಗನ ಕೈಯ ಮೇಲೆ ನೆಟ್ಟಿತ್ತು. ಸುತ್ತು ಮುಗಿದು ಹಾಡು ಮತ್ತೆ ಮೊದಲಿಗೆ ಬರುವಾಗ ಮಾಂತೇಶನ ಬಲಗೈ ತಂತಿಗೆ ಮರಳಿತು. ಕುರ್ಚಿಯ ಕಾಲಿನಿಂದ ಸಣ್ಣಗೆ ಗುಂಯ್ ಎನ್ನುವ ನಡುಕ ಏರಿತು.

"ಬಂತು," ಎಂದ ಯಮನೂರಪ್ಪ.